ಪೇಟೆ, ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರ: ಹಳೇ ಬೆಂಗಳೂರಿನಲ್ಲಿ ಮನೆ ಮಾಡುವವರಿಗೆ

“ಹಳೇ ಬೆಂಗಳೂರಿಗೇ ಬಂದುಬಿಡೋಣ ಅಂತಿದೀವಿ, ಯಾವ ಕಡೆ ನೋಡೋದು ಒಳ್ಳೇದು?” 2024ರ ಬೇಸಿಗೆ ಕಳೆದ ಮೇಲೆ ಈ ಪ್ರಶ್ನೆ ನನ್ನ ಕಿವಿಗೆ ಬೀಳದ ತಿಂಗಳಿಲ್ಲ. ಊರಾಚೆಯ ಬಡಾವಣೆಗಳಲ್ಲಿ ಕೊಳವೆಬಾವಿ ಬತ್ತಿ, ಟ್ಯಾಂಕರಿಗೆ ಕಾದು ಸೋತವರು ಕೇಳುತ್ತಾರೆ. ಅಪ್ಪ ಅಮ್ಮನನ್ನು ಊರಿಂದ ಕರೆತಂದು ಹದಿನಾಲ್ಕನೇ ಮಹಡಿಯಲ್ಲಿ ಇರಿಸಿಕೊಂಡು, ಅವರು ಇಡೀ ದಿನ ಬಾಲ್ಕನಿಯಲ್ಲಿ ಕೂತು ಕೆಳಗಿನ ಕಾರುಗಳನ್ನು ಎಣಿಸುವುದನ್ನು ಕಂಡು ಕರುಳು ಹಿಂಡಿದವರು ಕೇಳುತ್ತಾರೆ. ಮದುವೆಯಾಗಿ ಮೊದಲ ಬಾಡಿಗೆ ಮನೆ ಹುಡುಕುವ ಹುಡುಗ ಹುಡುಗಿಯರೂ ಕೇಳುತ್ತಾರೆ.

ನಾನು ಹುಟ್ಟಿದ್ದು ಚಾಮರಾಜಪೇಟೆಯ ವಠಾರದಲ್ಲಿ. ಮದುವೆಯಾಗಿ ಹೋದದ್ದು ಮಲ್ಲೇಶ್ವರಕ್ಕೆ. ಅತ್ತೆಯವರ ಮಂಡಿನೋವು ಹೆಚ್ಚಾದ ಮೇಲೆ ಬಸವನಗುಡಿಗೆ ಬಂದೆವು, ಈಗ ಅಲ್ಲೇ ಇದ್ದೇವೆ. ಚಿಕ್ಕಮ್ಮನ ಮನೆ ಕಬ್ಬನ್‌ಪೇಟೆಯಲ್ಲಿದ್ದುದರಿಂದ ಶಾಲೆಯ ರಜೆಗಳೆಲ್ಲ ಪೇಟೆಯಲ್ಲಿ ಕಳೆದವು. ಈ ನಾಲ್ಕೂ ಕಡೆ ಉಂಡು ಮಲಗಿದ ಅನುಭವದ ಮೇಲೆ ಹೇಳುತ್ತಿದ್ದೇನೆ.

ಮನೆ ಹುಡುಕುವವರು ಸಾಮಾನ್ಯವಾಗಿ ಕಚೇರಿಗೆ ಹೋಗುವವರ ಅನುಕೂಲ ನೋಡಿ ಬಡಾವಣೆ ಆರಿಸುತ್ತಾರೆ. ಹಳೇ ಬೆಂಗಳೂರಿಗೆ ಬರುವಾಗ ಆ ಲೆಕ್ಕ ತಿರುಗಿಸಿ. ಬೆಳಿಗ್ಗೆ ಹನ್ನೊಂದು ಗಂಟೆಗೆ ನಿಮ್ಮ ಮನೆಯಲ್ಲಿ ಯಾರಿರುತ್ತಾರೆ? ಅವರಿಗಾಗಿ ಮನೆ ಆರಿಸಿ. ಹೊರಗೆ ದುಡಿಯುವವರಿಗೆ ಈ ನಾಲ್ಕು ಕಡೆಗೂ ಅಂಥ ವ್ಯತ್ಯಾಸವೇ ಇಲ್ಲ, ಯಾಕೆಂದರೆ ನಾಲ್ಕೂ ಮೆಟ್ರೋದ ಒಂದೇ ಹಸಿರು ಮಾರ್ಗದ ಮೇಲಿವೆ. ಸಂಪಿಗೆ ರಸ್ತೆ, ಮೆಜೆಸ್ಟಿಕ್, ಚಿಕ್ಕಪೇಟೆ, ಕೆ.ಆರ್. ಮಾರುಕಟ್ಟೆ, ನ್ಯಾಷನಲ್ ಕಾಲೇಜು, ಲಾಲ್‌ಬಾಗ್, ಸೌತ್ ಎಂಡ್ ವೃತ್ತ: ಏಳು ನಿಲ್ದಾಣಗಳ ಒಳಗೆ ಹಳೇ ಬೆಂಗಳೂರೆಲ್ಲ ಮುಗಿಯಿತು. ವೈಟ್‌ಫೀಲ್ಡಿಗೆ ಹೋಗುವವರು ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗಕ್ಕೆ ಬದಲಾಯಿಸಬೇಕು. 2025ರ ಆಗಸ್ಟಿನಲ್ಲಿ ಹಳದಿ ಮಾರ್ಗ ಶುರುವಾದ ಮೇಲೆ ಎಲೆಕ್ಟ್ರಾನಿಕ್ ಸಿಟಿಯವರು ಆರ್.ವಿ. ರಸ್ತೆಯಲ್ಲಿ ಇಳಿದು ಹತ್ತಿದರಾಯಿತು. ಮನೆಯಲ್ಲೇ ಉಳಿಯುವವರಿಗೆ ಮಾತ್ರ ಒಂದು ಬಡಾವಣೆಗೂ ಇನ್ನೊಂದಕ್ಕೂ ಅಜಗಜಾಂತರ.

ಅವರ ಕಣ್ಣಿಂದ ನೋಡುವಾಗ ನಾನು ಗಮನಿಸುವುದು ಐದು ವಿಷಯ. ಮೊದಲನೆಯದು ನಡಿಗೆ: ಹಾಲು, ತರಕಾರಿ, ಔಷಧಿ, ದೇವಸ್ಥಾನ, ಕೂರಲು ಒಂದು ಕಲ್ಲುಬೆಂಚು, ಇವು ಯಾರ ಕೈಯನ್ನೂ ಹಿಡಿಯದೆ ಹೋಗಿ ಬರುವಷ್ಟು ಹತ್ತಿರ ಇವೆಯೇ? ಎರಡನೆಯದು ನೀರು. ಮೂರನೆಯದು ಮನೆಯ ಬಗೆ, ಮುಖ್ಯವಾಗಿ ಮೆಟ್ಟಿಲು, ಗೋಡೆ ಮತ್ತು ಸೂರು. ನಾಲ್ಕನೆಯದು ಸದ್ದು, ಜನಜಂಗುಳಿ, ಗಾಡಿ ನಿಲ್ಲಿಸುವ ಪಾಡು. ಐದನೆಯದು ದುಡ್ಡು, ಅದರ ಜೊತೆಗೇ ಕಾಗದಪತ್ರ, ಹಳೇ ಬೆಂಗಳೂರಿನಲ್ಲಿ ಅವೆರಡನ್ನೂ ಬೇರೆ ಮಾಡಲು ಬರುವುದಿಲ್ಲ.

ಮೊದಲು ಮನೆಯ ಬಗೆ

ಬಡಾವಣೆಗಿಂತ ಮುಂಚೆ ಇದನ್ನು ತೀರ್ಮಾನಿಸಿಕೊಳ್ಳಿ. ನಾಲ್ಕೂ ಕಡೆ ಹೆಚ್ಚುಕಡಿಮೆ ಇವೇ ನಾಲ್ಕು ಬಗೆಯ ಮನೆಗಳು ಸಿಗುತ್ತವೆ.

ಹಳೇ ಒಂಟಿ ಮನೆ ಎಲ್ಲರ ಕನಸು. ಮಂಗಳೂರು ಹೆಂಚು ಅಥವಾ ಮದ್ರಾಸ್ ತಾರಸಿ, ಕೆಂಪು ಆಕ್ಸೈಡಿನ ನುಣ್ಣನೆ ನೆಲ, ಒಂದೂವರೆ ಅಡಿ ದಪ್ಪದ ಗೋಡೆ, ಮುಂದೆ ಜಗಲಿ, ಹಿಂದೆ ತೆಂಗಿನ ಮರ. ಬೇಸಿಗೆಯಲ್ಲಿ ಫ್ಯಾನಿಲ್ಲದೆ ಮಧ್ಯಾಹ್ನ ನಿದ್ದೆ ಬರುತ್ತದೆ, ಅದು ಸತ್ಯ. ಆದರೆ ಮದ್ರಾಸ್ ತಾರಸಿ ಎಂದರೇನು ಎಂದು ತಿಳಿದುಕೊಂಡು ಒಳಗೆ ಹೋಗಿ. ಮರದ ತೊಲೆಗಳ ಮೇಲೆ ಇಟ್ಟಿಗೆಗಳನ್ನು ನಿಲ್ಲಿಸಿ, ಸುಣ್ಣದ ಗಾರೆ ಹಾಕಿ ಕಟ್ಟಿದ ಸೂರು ಅದು. ತೊಲೆಯ ತುದಿ ಗೋಡೆಯೊಳಗೆ ಸೇರುವ ಕಡೆ ಮಳೆನೀರು ಇಳಿದರೆ ಮರ ಅಲ್ಲಿಂದ ಕೊಳೆಯುತ್ತದೆ, ಗೆದ್ದಲೂ ಅಲ್ಲಿಂದಲೇ ಏರುತ್ತದೆ. ಮನೆ ನೋಡಲು ಹೋದಾಗ ಸುಣ್ಣ ಬಳಿದ ಗೋಡೆಯ ಅಂದ ನೋಡಬೇಡಿ. ಏಣಿ ಕೇಳಿ, ತೊಲೆಯ ತುದಿಗೆ ಒಂದು ಮೊಳೆ ಒತ್ತಿ ನೋಡಿ. ಸುಲಭವಾಗಿ ಒಳಗೆ ಹೋದರೆ ಆ ಕೋಣೆಯ ಸೂರು ಬದಲಾಯಿಸುವ ಖರ್ಚು ನಿಮ್ಮ ತಲೆಗೆ ಬರುತ್ತದೆ. ಸುಣ್ಣದ ಗಾರೆಯ ಗೋಡೆಗೆ ಯಾರೋ ಸಿಮೆಂಟಿನ ತೇಪೆ ಹಾಕಿದ್ದರೆ ಅದರ ಸುತ್ತ ತೇವ ಕಟ್ಟಿ, ಬಣ್ಣ ಹಪ್ಪಳದಂತೆ ಏಳುತ್ತಿರುತ್ತದೆ, ಅದನ್ನೂ ನೋಡಿ.

ಮಲ್ಲೇಶ್ವರದಲ್ಲಿ ನಾವು ಬಾಡಿಗೆಗಿದ್ದದ್ದು ಇಂಥದೇ ಮನೆ. ಒಂದು ಶ್ರಾವಣದಲ್ಲಿ ನಡುಮನೆಯ ಸೂರು ಸೋರತೊಡಗಿತು. ಮನೆ ನಾಲ್ವರು ಅಣ್ಣತಮ್ಮಂದಿರ ಹೆಸರಿನಲ್ಲಿತ್ತು. ಬಾಡಿಗೆ ಒಬ್ಬರ ಖಾತೆಗೆ ಹೋಗುತ್ತಿತ್ತು; ರಿಪೇರಿಗೆ ಮಾತ್ರ ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸಿದರು. ದೀಪಾವಳಿವರೆಗೂ ನಡುಮನೆಯಲ್ಲಿ ಬಕೆಟ್ಟಿಟ್ಟುಕೊಂಡೇ ಬಾಳಿದೆವು. ಅಂದಿನಿಂದ ಯಾರಿಗೆ ಹೇಳಿದರೂ ಇದೊಂದು ಮಾತು ಸೇರಿಸುತ್ತೇನೆ: ಕರಾರು ಬರೆಯುವ ಮುಂಚೆ ರಿಪೇರಿಗೆ ದುಡ್ಡು ಕೊಡುವ ಅಧಿಕಾರ ಯಾರಿಗಿದೆ ಎಂದು ಕೇಳಿ, ಕರಾರಿನಲ್ಲಿ ಆ ಹೆಸರು ಬರೆಸಿ.

ಎರಡನೇ ಬಗೆ, 1970–80ರ ದಶಕಗಳಲ್ಲಿ ಕಟ್ಟಿದ ಆರ್‌ಸಿಸಿ ಮನೆ, ಅಂದರೆ ಕಬ್ಬಿಣ ಕಾಂಕ್ರೀಟಿನ ಸೂರಿನದು. ಕೆಳಗೆ ಮಾಲೀಕರು, ಮೇಲೆ ಬಾಡಿಗೆಯವರು. ನೋಡಲು ಏನೂ ವಿಶೇಷವಿಲ್ಲ, ಮೊಸಾಯಿಕ್ ನೆಲ, ಗ್ರಿಲ್ಲಿನ ವರಾಂಡ. ಬಾಡಿಗೆಗೆ ಬರುವವರಿಗೆ ನಾನು ಮೊದಲು ಸೂಚಿಸುವುದು ಇದನ್ನೇ. ಸೋರುವುದು ಕಡಿಮೆ, ಮಾಲೀಕರು ಕೆಳಗೇ ಇರುವುದರಿಂದ ಮೋಟರ್ ಕೆಟ್ಟರೆ ಅವರಿಗೂ ನೀರಿಲ್ಲ, ಆ ದಿನವೇ ರಿಪೇರಿಯಾಗುತ್ತದೆ. ಅಡ್ಡಿಯೆಂದರೆ ಹೊರಗಿನ ಮೆಟ್ಟಿಲು: ಕಿರಿದು, ಕಡಿದು, ಮಳೆಗೆ ಜಾರುತ್ತದೆ. ವಯಸ್ಸಾದವರಿದ್ದರೆ ಕೆಳಗಿನ ಮನೆ ಸಿಗುವವರೆಗೆ ಕಾಯಿರಿ.

ಮೂರನೆಯದು ಹಳೇ ಮನೆ ಒಡೆದು ಎಬ್ಬಿಸಿದ ನಾಲ್ಕು ಮಹಡಿಯ ಫ್ಲ್ಯಾಟು. ಲಿಫ್ಟು, ಒಂದು ಕಾರಿಗೆ ಜಾಗ, ಹೊಸ ವೈರಿಂಗು. ಬೆಲೆಯೂ ಬಾಡಿಗೆಯೂ ಇವುಗಳದ್ದೇ ಹೆಚ್ಚು. ಮಂಡಿ ಸೋತವರಿಗೆ, ಗಾಲಿಕುರ್ಚಿ ಬೇಕಾದವರಿಗೆ ಇದೇ ಸರಿ; ಹಳೇ ಮನೆಯ ಮೋಹಕ್ಕೆ ಅವರ ದೇಹವನ್ನು ಬಲಿಕೊಡಬೇಡಿ.

ನಾಲ್ಕನೆಯದು ವಠಾರ. ಕಡಿಮೆಯಾಗುತ್ತ ಬಂದಿವೆ, ಆದರೂ ಇವೆ. ಒಂದು ಅಂಗಳ, ಎದುರುಬದುರು ಆರೆಂಟು ಪುಟ್ಟ ಮನೆಗಳು. ನಮ್ಮ ವಠಾರದಲ್ಲಿ ನನಗೆ ಜ್ವರ ಬಂದರೆ ನಾಲ್ಕು ಮನೆಯ ಸಾರು ಬರುತ್ತಿತ್ತು, ಅಮ್ಮ ಅಪ್ಪನೊಡನೆ ಜಗಳವಾಡಿದರೆ ಅದು ಎಂಟು ಮನೆಗೆ ಕೇಳುತ್ತಿತ್ತು. ಇವತ್ತಿಗೂ ಕೈ ಬಿಗಿ ಇರುವ ಸಣ್ಣ ಸಂಸಾರಕ್ಕೆ ಊರಿನ ನಡುವೆ ಇರಲು ಇದಕ್ಕಿಂತ ಅಗ್ಗದ ದಾರಿ ಇಲ್ಲ. ನೋಡಬೇಕಾದ್ದು ಎರಡೇ: ಶೌಚಾಲಯ ಮನೆಯೊಳಗಿದೆಯೋ ಹೊರಗಿದೆಯೋ, ಕರೆಂಟಿನ ಮೀಟರು ನಿಮಗೇ ಪ್ರತ್ಯೇಕವಾಗಿ ಇದೆಯೋ ಇಲ್ಲವೋ.

ನೀರಿನ ಮಾತು

ಹಳೇ ಬೆಂಗಳೂರಿಗೆ ಜನ ತಿರುಗಿ ಬರುತ್ತಿರುವುದಕ್ಕೆ ದೊಡ್ಡ ಕಾರಣ ಇದೇ. 1896ರಲ್ಲಿ ಹೆಸರಘಟ್ಟದಿಂದ, 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದ, 1974ರಲ್ಲಿ ಕಾವೇರಿಯಿಂದ ನೀರು ಬರುತ್ತ ಹೋದ ಊರಿನ ಹಳೇ ಭಾಗವೆಂದರೆ ಈ ಪೇಟೆಗಳು, ಈ ಬಡಾವಣೆಗಳು. ಹಾಗಾಗಿ ಜಲಮಂಡಳಿಯ ಕೊಳಾಯಿ ಇಲ್ಲಿ ಮನೆಮನೆಗೂ ಇದೆ. 2024ರಲ್ಲಿ ಹೊರವಲಯ ಒಣಗಿದಾಗ ನಮ್ಮ ಬೀದಿಯಲ್ಲಿ ಕೊಳಾಯಿ ಬರುತ್ತಲೇ ಇತ್ತು.

ಹಾಗೆಂದು ಕಣ್ಣುಮುಚ್ಚಿ ನಂಬಬೇಡಿ. ಬಹಳ ಕಡೆ ನೀರು ಬರುವುದು ದಿನ ಬಿಟ್ಟು ದಿನ, ಅದೂ ಒಂದೆರಡು ಗಂಟೆ. ಒಬ್ಬರಿಗೆ ದಿನಕ್ಕೆ 135 ಲೀಟರ್ ಎಂಬುದು ನಗರದ ಲೆಕ್ಕ. ನಾಲ್ವರ ಸಂಸಾರಕ್ಕೆ 540 ಲೀಟರ್ ಆಯಿತು. ಒಂದೇ ಸಂಪಿನ, ಅಂದರೆ ನೆಲದಡಿಯ ನೀರಿನ ತೊಟ್ಟಿಯ, ಮೇಲೆ ಮೂರು ಸಂಸಾರಗಳಿದ್ದರೆ ಎರಡು ದಿನಕ್ಕೆ 3,240 ಲೀಟರ್. ಸಂಪು ಎಷ್ಟು ಹಿಡಿಯುತ್ತದೆ ಎಂದು ಮಾಲೀಕರನ್ನು ಕೇಳಿ. 4,000ಕ್ಕಿಂತ ಕಡಿಮೆಯಾದರೆ ಹಬ್ಬಕ್ಕೆ ನೆಂಟರು ಬಂದ ದಿನ ಜಗಳ ಖಂಡಿತ. ಕೊಳಾಯಿಯೂ ಒಳಚರಂಡಿಯೂ ಹಳೆಯವು, ಅಕ್ಕಪಕ್ಕ ಹಾದಿರುತ್ತವೆ. ಮೊದಲು ಬರುವ ನೀರನ್ನು ಒಂದು ಬಿಳಿ ಬಕೆಟ್ಟಿನಲ್ಲಿ ಹಿಡಿದು, ಬಣ್ಣ ನೋಡಿ, ಮೂಸಿ ನೋಡಿ. ಮನೆ ನೋಡಲು ನೀರು ಬರುವ ಹೊತ್ತಿಗೇ ಹೋಗಿ ಎನ್ನುವುದು ಅದಕ್ಕೇ.

ಇನ್ನು ನಾಲ್ಕು ಊರುಗಳು. ಊರುಗಳು ಅಂತಲೇ ಅನ್ನುತ್ತೇನೆ, ಒಂದೊಂದರ ನಡವಳಿಕೆಯೂ ಬೇರೆ.

ಪೇಟೆ

ಕೆಂಪೇಗೌಡರು 1537ರಲ್ಲಿ ಕಟ್ಟಿದ ಊರು ಇದು. ಚಿಕ್ಕಪೇಟೆ, ಬಳೇಪೇಟೆ, ಅಕ್ಕಿಪೇಟೆ, ನಗರ್ತಪೇಟೆ, ತಿಗಳರಪೇಟೆ, ಕಬ್ಬನ್‌ಪೇಟೆ. ಹಗಲೆಲ್ಲ ತಳ್ಳುಗಾಡಿ, ಬಟ್ಟೆಯ ಗಂಟು, ಹಮಾಲರ ಕೂಗು. ರಾತ್ರಿ ಒಂಬತ್ತಾದ ಮೇಲೆ ರೋಲಿಂಗ್ ಶಟರುಗಳು ಇಳಿದು ಎಂಥ ಮೌನ ಬರುತ್ತದೆಂದರೆ ಪಕ್ಕದ ಬೀದಿಯ ಗುಡಿಯ ಗಂಟೆ ಕೇಳುತ್ತದೆ. ಚೈತ್ರ ಪೂರ್ಣಿಮೆಯ ರಾತ್ರಿ ಧರ್ಮರಾಯಸ್ವಾಮಿಯ ಗುಡಿಯಿಂದ ಕರಗ ಹೊರಟು, ಮಸ್ತಾನ್ ಸಾಹೇಬರ ದರ್ಗಾಕ್ಕೂ ಹೋಗಿ ಬರುವಾಗ ಚಿಕ್ಕಮ್ಮನ ಮನೆಯ ಮಹಡಿಯ ಕಿಟಕಿಯಲ್ಲಿ ನಾವು ಮಕ್ಕಳು ಒಬ್ಬರ ಮೇಲೊಬ್ಬರು ಬಿದ್ದು ನೋಡುತ್ತಿದ್ದೆವು. ಮಲ್ಲಿಗೆಯ ವಾಸನೆ ಬೀದಿಯಿಂದ ಮಹಡಿಗೆ ಏರಿ ಬರುತ್ತಿತ್ತು.

ಇಷ್ಟು ಪ್ರೀತಿ ಇದ್ದೂ, ಹೊಸದಾಗಿ ಬರುವ ಸಂಸಾರಕ್ಕೆ ಪೇಟೆಯನ್ನು ನಾನು ಸೂಚಿಸುವುದಿಲ್ಲ. ಮನೆಗಳು ಅಂಗಡಿ, ಗೋದಾಮುಗಳ ಮೇಲಿವೆ. ಮೆಟ್ಟಿಲು ಕಡಿದಾಗಿವೆ, ಕತ್ತಲೆಯಲ್ಲಿವೆ. ಎಷ್ಟೋ ಗಲ್ಲಿಗಳಿಗೆ ಆಂಬುಲೆನ್ಸೂ ಅಗ್ನಿಶಾಮಕದ ಗಾಡಿಯೂ ನುಗ್ಗುವುದಿಲ್ಲ. ಕೆಳಗೆ ಬಟ್ಟೆಯೋ ಪ್ಲಾಸ್ಟಿಕ್ಕೋ ತುಂಬಿಟ್ಟ ಗೋದಾಮಿದ್ದರೆ ಬಾಡಿಗೆ ಎಷ್ಟೇ ಕಡಿಮೆಯಿರಲಿ, ಬೇಡ. ಪೇಟೆಯಲ್ಲೇ ವ್ಯಾಪಾರ ಇರುವವರಿಗೆ, ಅಂಗಡಿಯಿಂದ ಮಧ್ಯಾಹ್ನ ಊಟಕ್ಕೆ ಮನೆಗೆ ಬರುವವರಿಗೆ, ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಕೊಳ್ಳುವ ಮಾತು ಬಿಡಿ, ಇಲ್ಲಿ ಬೆಲೆ ಕಟ್ಟುವುದು ಅಂಗಡಿಯ ಲೆಕ್ಕದಲ್ಲಿ.

ಚಾಮರಾಜಪೇಟೆ

ಹೆಚ್ಚಿನವರು ನೋಡದೆ ದಾಟಿಹೋಗುವ ಜಾಗ ಇದು. ನನ್ನ ತವರು ಎಂಬ ಮಮತೆಯನ್ನು ಪಕ್ಕಕ್ಕಿಟ್ಟರೂ, ಕಡಿಮೆ ದುಡ್ಡಿಗೆ ಹೆಚ್ಚು ಸಿಗುವುದು ಇಲ್ಲೇ ಎಂದು ಹೇಳಬಲ್ಲೆ.

1892ರಲ್ಲಿ, ಪ್ಲೇಗಿಗೂ ಮುಂಚೆ, ಚಾಮರಾಜೇಂದ್ರ ಒಡೆಯರ ಹೆಸರಿನಲ್ಲಿ ಗೆರೆ ಎಳೆದು ಮಾಡಿದ ಬಡಾವಣೆ. ಉದ್ದುದ್ದ ಮುಖ್ಯರಸ್ತೆ, ಅಡ್ಡ ಅಡ್ಡ ಕ್ರಾಸು. ದಾರಿ ತಪ್ಪಲು ಸಾಧ್ಯವೇ ಇಲ್ಲ. ನಿವೇಶನಗಳು ಮುಂದೆ ಕಿರಿದು, ಹಿಂದೆ ಉದ್ದ. ಹಿತ್ತಿಲಿನಾಚೆ ಹಿಂದಿನ ಕಾಲದಲ್ಲಿ ಮಲ ಹೊರುವವರು ಬರಲೆಂದು ಬಿಟ್ಟ ಗಲ್ಲಿಗಳಿವೆ. ಇಂದು ಒಳಚರಂಡಿಯ ಕೊಳವೆ ಅಲ್ಲೇ ಹಾದಿರುವುದುಂಟು. ಮನೆ ನೋಡುವಾಗ ಹಿಂಬಾಗಿಲು ತೆರೆಸಿ ಆ ಗಲ್ಲಿ ಒಮ್ಮೆ ನೋಡಿ. ಕಸ ತುಂಬಿ ಕಟ್ಟಿದ್ದರೆ ಮಳೆಗಾಲದಲ್ಲಿ ಕೊಳಚೆ ಬಚ್ಚಲಿಗೆ ತಿರುಗಿ ಬರುತ್ತದೆ. ಸ್ವಚ್ಛವಾಗಿದ್ದರೆ ಬೆಳಕೂ ಗಾಳಿಯೂ ಎರಡೂ ಕಡೆಯಿಂದ ಬರುವ ಮನೆ ನಿಮ್ಮದಾಯಿತು.

ಹಗಲು ಮನೆಯಲ್ಲಿರುವವರಿಗೆ ಇಲ್ಲಿ ಏನಿದೆ? ಪಂಪ ಮಹಾಕವಿ ರಸ್ತೆಯಲ್ಲಿ 1915ರಲ್ಲಿ ಹುಟ್ಟಿದ ಕನ್ನಡ ಸಾಹಿತ್ಯ ಪರಿಷತ್ತು ಇದೆ, ಅದರ ಸುತ್ತ ಮುದ್ರಣಾಲಯಗಳಿವೆ. ಕೋಟೆ ಹೈಸ್ಕೂಲಿನ ಮೈದಾನದಲ್ಲಿ ರಾಮನವಮಿಯ ಸಂಗೀತ ವಾರಗಟ್ಟಲೆ ನಡೆಯುತ್ತದೆ. ಟಿಕೆಟ್ಟಿಲ್ಲದವರು ಬೇಲಿಯಾಚೆ ಕೂತು ಕೇಳಿದ್ದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಕೆ.ಆರ್. ಮಾರುಕಟ್ಟೆ ಕೂಗಳತೆಯಲ್ಲಿದೆ, ಬೆಳಗಿನ ಜಾವ ಹೋದರೆ ಹೂವೂ ತರಕಾರಿಯೂ ಸಗಟು ದರಕ್ಕೆ ಸಿಗುತ್ತವೆ. ಎಲ್ಲಕ್ಕಿಂತ ಮುಖ್ಯವಾಗಿ ವಿಕ್ಟೋರಿಯಾ, ವಾಣಿವಿಲಾಸ, ಮಿಂಟೋ ಕಣ್ಣಾಸ್ಪತ್ರೆ ಮೂರೂ ಹತ್ತಿರ. ಡಯಾಲಿಸಿಸ್ಸೋ ಕಣ್ಣಿನ ಚಿಕಿತ್ಸೆಯೋ ಅಂತ ವಾರವಾರ ಅಲೆಯಬೇಕಾದ, ಖಾಸಗಿ ಆಸ್ಪತ್ರೆ ತೂಗಿಸಲಾಗದ ಮನೆಯವರು ಬೇರೆಲ್ಲಾ ಬಿಟ್ಟು ಇಲ್ಲಿಗೇ ಬರಬೇಕು.

ಕೊರತೆಗಳೂ ಸಣ್ಣವಲ್ಲ. ಪಕ್ಕದ ಕಲಾಸಿಪಾಳ್ಯದ ಬಸ್ಸು, ಲಾರಿ, ಪಾರ್ಸೆಲ್ ಆಫೀಸುಗಳ ಗದ್ದಲ ಇತ್ತ ಹರಿದು ಬರುತ್ತದೆ. ಮುಖ್ಯರಸ್ತೆಯ ಮೇಲಿನ ಮನೆಗಳಲ್ಲಿ ಹೊಗೆಯಿಂದ ಕಿಟಕಿ ತೆರೆಯಲಾಗದು. ಒಳಗಿನ ಕ್ರಾಸುಗಳಲ್ಲಿ ಮಾತ್ರ ಹುಡುಕಿ. ಮರಗಳು ಬಸವನಗುಡಿಯಷ್ಟಿಲ್ಲ, ಸಂಜೆ ವಾಕಿಂಗಿಗೆ ದೊಡ್ಡ ಉದ್ಯಾನವೂ ಕಾಲ್ನಡಿಗೆಯಲ್ಲಿ ಸಿಗುವುದಿಲ್ಲ.

ಬಸವನಗುಡಿ

1898ರಲ್ಲಿ ಪ್ಲೇಗು ಪೇಟೆಗೆ ಬಡಿದಾಗ ಜನ ಒತ್ತೊತ್ತಾಗಿ ಬಾಳುವುದೇ ಸಾವಿಗೆ ದಾರಿ ಎಂದು ಊರಿಗೆ ಅರಿವಾಯಿತು. ಆಗ ದಕ್ಷಿಣಕ್ಕೆ ಬಸವನಗುಡಿ, ಉತ್ತರಕ್ಕೆ ಮಲ್ಲೇಶ್ವರ ಎದ್ದವು. ಅಗಲ ರಸ್ತೆ, ಮನೆಗೂ ಮನೆಗೂ ನಡುವೆ ಜಾಗ, ಗಾಳಿಯಾಡುವ ಹಿತ್ತಿಲು, ಇವೆಲ್ಲ ಆ ಭಯದಿಂದ ಹುಟ್ಟಿದ ಉಪಕಾರಗಳು. ನೂರಿಪ್ಪತ್ತೈದು ವರ್ಷದ ಮೇಲೂ ಅದರ ಸುಖ ಉಣ್ಣುತ್ತಿದ್ದೇವೆ.

ನಮ್ಮ ಅತ್ತೆಯವರ ದಿನ ಹೇಳುತ್ತೇನೆ, ಅದೇ ಸಾಕು. ಬೆಳಿಗ್ಗೆ ಕೃಷ್ಣರಾವ್ ಉದ್ಯಾನದಲ್ಲಿ ಎರಡು ಸುತ್ತು. ಬರುವಾಗ ಗಾಂಧಿಬಜಾರಿನಲ್ಲಿ ಒಂದು ಮೊಳ ಹೂವು, ಸೊಪ್ಪು, ಗ್ರಂಥಿಗೆ ಅಂಗಡಿಯಿಂದ ಅಳಲೆಕಾಯಿಯೋ ಗಂಧದ ಕೊರಡೋ. ಸಂಜೆ ಗೋಖಲೆ ಸಂಸ್ಥೆಯಲ್ಲಿ ಉಪನ್ಯಾಸ; ಡಿ.ವಿ. ಗುಂಡಪ್ಪನವರು 1945ರಲ್ಲಿ ಕಟ್ಟಿದ ಸಂಸ್ಥೆ, ಇಂದಿಗೂ ಹಣ ಕೇಳದೆ ಬಾಗಿಲು ತೆರೆದಿದೆ. ಅದೇ ವರ್ಷ ಶುರುವಾದ ವರ್ಲ್ಡ್ ಕಲ್ಚರ್ ಸಂಸ್ಥೆಯಲ್ಲಿ ಒಂದು ದಿನ ಹರಿಕಥೆ, ಒಂದು ದಿನ ನೃತ್ಯ. ಮಂಡಿನೋವಿನ ಎಪ್ಪತ್ತಾರರ ಹೆಂಗಸು ವಾರಕ್ಕೆ ಐದು ದಿನ ತಾನಾಗಿ ಹೊರಗೆ ಹೋಗಿ ಬರುತ್ತಾರೆ. ಮಲ್ಲೇಶ್ವರದ ಮೇಲಿನ ಮನೆಯಲ್ಲಿದ್ದಾಗ ಅವರು ತಿಂಗಳಿಗೆರಡು ಸಲ ಇಳಿಯುತ್ತಿದ್ದರು, ಅದೂ ಆಸ್ಪತ್ರೆಗೆ. ನೆಲ ಇಲ್ಲಿ ಒಂದೇ ಸಮವಾಗಿಲ್ಲ. ದೊಡ್ಡ ಬಸವನ ಗುಡಿ, ಬ್ಯೂಗಲ್ ರಾಕ್ ಕಡೆ ಏರು, ಗಾಂಧಿಬಜಾರಿನ ಸುತ್ತ ಸಮತಟ್ಟು. ವಯಸ್ಸಾದವರಿದ್ದರೆ ಗಾಂಧಿಬಜಾರಿನಿಂದ ಕೆ.ಆರ್. ರಸ್ತೆಯವರೆಗಿನ ಭಾಗದಲ್ಲಿ ಹುಡುಕಿ. ಮೆಟ್ರೋಗೂ ಅದೇ ಹತ್ತಿರ.

ಕೊರತೆಗಳಲ್ಲಿ ಮೊದಲನೆಯದು ದುಡ್ಡು. ಬಿ.ಎಂ.ಎಸ್. ಕಾಲೇಜಿನ ಸುತ್ತ ವಿದ್ಯಾರ್ಥಿಗಳು ಸೇರಿ ಬಾಡಿಗೆ ಹಂಚಿಕೊಳ್ಳುವುದರಿಂದ ಒಂದು ಸಂಸಾರ ಅಷ್ಟು ಕೊಡಲಾರದ ದರ ನಿಂತುಬಿಟ್ಟಿದೆ. ಕಾರ್ತಿಕದ ಕೊನೆಯ ಸೋಮವಾರ ಕಡಲೆಕಾಯಿ ಪರಿಷೆ. ಹಿಂದೆ ಮುಂದೆ ಸೇರಿ ಹಲವು ದಿನ ಬುಲ್ ಟೆಂಪಲ್ ರಸ್ತೆಯ ಆಸುಪಾಸಿನವರು ಕಾರು ಹೊರಗೆ ತೆಗೆಯುವಂತಿಲ್ಲ. ನಮಗೆ ಅದು ಹಬ್ಬ. ರಾತ್ರಿ ಪಾಳಿಯ ಕೆಲಸದವರಿಗೆ, ಹಸುಗೂಸಿನ ತಾಯಿಗೆ ಕಷ್ಟ. ಗಾಂಧಿಬಜಾರಿಗೆ ಅಂಟಿಕೊಂಡ ಬೀದಿಗಳಲ್ಲಿ ಸಂಜೆ ನಿಮ್ಮದೇ ಗೇಟಿನ ಮುಂದೆ ಬೇರೆಯವರ ಗಾಡಿ ನಿಂತಿರುತ್ತದೆ. ಇನ್ನು, ವೃಷಭಾವತಿ ಬಸವನ ಪಾದದಿಂದ ಹುಟ್ಟುತ್ತಾಳೆಂಬ ಮಾತನ್ನು ಭಕ್ತಿಯಿಂದಷ್ಟೇ ಕೇಳಿ ಬಿಡಬೇಡಿ. ನೀರಿನ ಹಾದಿ ಇಲ್ಲಿಂದ ಇಳಿಯುತ್ತದೆ ಎಂಬುದು ನಿಜ. ತಗ್ಗಿನ ಬೀದಿಗಳಲ್ಲಿ ಮನೆ ನೋಡುವಾಗ ಕಳೆದ ಮಳೆಗಾಲದಲ್ಲಿ ನೀರು ಎಲ್ಲಿವರೆಗೆ ಬಂತು ಎಂದು ಪಕ್ಕದ ಮನೆಯವರನ್ನು ಕೇಳಿ.

ಮಲ್ಲೇಶ್ವರ

ಮಲ್ಲೇಶ್ವರವನ್ನು ಒಂದೇ ಬಡಾವಣೆ ಅಂದುಕೊಂಡು ಮನೆ ಹುಡುಕಿದವರು ಆಮೇಲೆ ಪರಿತಪಿಸುತ್ತಾರೆ. ಮೊದಲ ಕ್ರಾಸಿನಿಂದ ಹದಿನೆಂಟನೇ ಕ್ರಾಸಿಗೆ ಎರಡು ಕಿಲೋಮೀಟರಿನಷ್ಟು ದೂರ, ಮೆಟ್ರೋ ಇರುವುದು ಚಿಕ್ಕ ಸಂಖ್ಯೆಯ ಕ್ರಾಸುಗಳ ತುದಿಯಲ್ಲಿ. ದಿನಾ ಮೆಟ್ರೋ ಹಿಡಿಯುವವರಿದ್ದರೆ ಐದನೇ ಕ್ರಾಸಿನೊಳಗೆ ನೋಡಿ. ಅಲ್ಲಿನ ಶಾಪಿಂಗ್ ಮಾಲಿನ ಗಲಾಟೆ ಸಹಿಸಬೇಕಾಗುತ್ತದೆ. ಎಂಟನೇ ಕ್ರಾಸಿನ ಸುತ್ತ ಇದ್ದರೆ ಹೂವು, ಹಣ್ಣು, ಬಾಳೆಎಲೆ, ಬಟ್ಟೆ, ತಿಂಡಿ ಎಲ್ಲ ಬಾಗಿಲಲ್ಲೇ. ವರಮಹಾಲಕ್ಷ್ಮಿ, ಗೌರಿ ಗಣೇಶದ ಹಿಂದಿನ ದಿನ ಬಾಗಿಲು ದಾಟಲೂ ಆಗದು. ಹದಿಮೂರರಿಂದ ಮೇಲೆ ಹೋದರೆ ಸದ್ದು ಇಳಿಯುತ್ತದೆ, ಮರಗಳು ದಟ್ಟವಾಗುತ್ತವೆ, 1882ರ ಸ್ಯಾಂಕಿ ಕೆರೆಯ ಏರಿ ಬೆಳಗಿನ ನಡಿಗೆಗೆ ಸಿಗುತ್ತದೆ. ವಿಜ್ಞಾನ ಸಂಸ್ಥೆಯಲ್ಲಿ, ಯಶವಂತಪುರದ ಕಡೆ ಕೆಲಸ ಇರುವವರಿಗೆ ಈ ಭಾಗಕ್ಕೆ ಸಾಟಿಯಿಲ್ಲ.

ಮಕ್ಕಳಿರುವ ಮನೆಗೆ ನಾಲ್ಕರಲ್ಲೂ ಮಲ್ಲೇಶ್ವರವೇ ಮೇಲು ಅನ್ನುತ್ತೇನೆ. ಶಾಲೆಯಿಂದ ಕಾಲೇಜಿನವರೆಗೆ ನಡೆದೇ ಹೋಗಬಹುದು, ಆಟಕ್ಕೆ ಹದಿನೆಂಟನೇ ಕ್ರಾಸಿನ ಮೈದಾನವಿದೆ, ಸಂಗೀತ, ನೃತ್ಯ, ಚಿತ್ರದ ಪಾಠ ಹೇಳುವವರು ಬೀದಿಗೊಬ್ಬರು ಸಿಗುತ್ತಾರೆ, ಚೌಡಯ್ಯ ಭವನ ಪಕ್ಕದಲ್ಲೇ. ನನ್ನ ಮಗಳು ಏಳನೇ ತರಗತಿಯವರೆಗೆ ಆಟೋ ಹತ್ತದೆ ಬೆಳೆದಳು. ತುರ್ತಿಗೆ ಕೆ.ಸಿ. ಜನರಲ್ ಆಸ್ಪತ್ರೆಯೂ ಇದೆ. ಕಾಡುಮಲ್ಲೇಶ್ವರನ ಗುಡಿಯ ಸುತ್ತಲಿನ ಏರಿಳಿತ ಮಕ್ಕಳಿಗೆ ಆಟ, ಮುದುಕರಿಗೆ ತ್ರಾಸ. ಬೆಲೆ ಬಸವನಗುಡಿಗೆ ಸರಿಸಮ. ಕೊಳ್ಳುವವರು ಎರಡರಲ್ಲಿ ಯಾವುದು ಅಗ್ಗ ಎಂದು ಹುಡುಕಿ ಕಾಲ ಕಳೆಯುವುದು ಬೇಡ.

ದುಡ್ಡು, ಕಾಗದ

ಬಾಡಿಗೆಯವರಿಗೆ ಹತ್ತು ತಿಂಗಳ ಮುಂಗಡ ಇಲ್ಲಿನ ಹಳೇ ರೂಢಿ. ಚೌಕಾಶಿ ಮಾಡಿದರೆ ಇಳಿಸುವವರೂ ಇದ್ದಾರೆ. ಹಳೇ ಬಡಾವಣೆಗಳಲ್ಲಿ ಭೋಗ್ಯದ ಮನೆಗಳೂ ಬಹಳ: ಒಂದೇ ಗಂಟು ಕೊಟ್ಟು ಎರಡು ಮೂರು ವರ್ಷ ಬಾಡಿಗೆಯಿಲ್ಲದೆ ಇದ್ದು, ಹೊರಡುವಾಗ ಗಂಟು ವಾಪಸ್ ಪಡೆಯುವುದು. ಒಂದು ವರ್ಷಕ್ಕೆ ಮೀರಿದ ಗುತ್ತಿಗೆ ನೋಂದಣಿಯಾಗಲೇಬೇಕು. ಮಾಲೀಕರು ಬರೀ ಛಾಪಾಕಾಗದದ ಮೇಲೆ ಬರೆದುಕೊಡುತ್ತೇನೆ ಎಂದರೆ ಲಕ್ಷಗಟ್ಟಲೆ ದುಡ್ಡು ಕೈಬಿಡಬೇಡಿ. ಆ ಮನೆ ಬ್ಯಾಂಕಿನಲ್ಲಿ ಅಡವಿದೆಯೇ ಎಂದು ಋಣಭಾರ ಪತ್ರ (ಇ.ಸಿ.) ತೆಗೆಸಿ ನೋಡಿ.

ಕೊಳ್ಳುವವರಿಗೆ ದೊಡ್ಡ ತೊಡಕು ಪಾಲುದಾರರು. ಅಜ್ಜ ಕಟ್ಟಿದ ಮನೆ, ಮಕ್ಕಳು ಐವರು, ಮೊಮ್ಮಕ್ಕಳು ಹನ್ನೊಂದು, ಅವರಲ್ಲಿ ಮೂವರು ಅಮೆರಿಕದಲ್ಲಿ. ಹಿಂದೂ ಮನೆತನಗಳ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲು ಎಂದು ಕರ್ನಾಟಕ 1994ರಲ್ಲೇ ಕಾಯ್ದೆ ತಂದಿತು, 2005ರಲ್ಲಿ ಇಡೀ ದೇಶಕ್ಕೆ ಬಂತು, 2020ರಲ್ಲಿ ಸುಪ್ರೀಂ ಕೋರ್ಟು ಅದನ್ನು ಇನ್ನೂ ಗಟ್ಟಿ ಮಾಡಿತು. “ತಂಗಿಯಂದಿರಿಗೆ ಮದುವೆಯಲ್ಲೇ ಕೊಟ್ಟುಬಿಟ್ಟಿದ್ದೇವೆ” ಎಂಬ ಬಾಯಿಮಾತಿಗೆ ಬೆಲೆಯಿಲ್ಲ. ವಂಶವೃಕ್ಷ, ವಿಭಾಗಪತ್ರ, ಎಲ್ಲರ ಸಹಿ ಬೇಕು. ದೂರದಲ್ಲಿರುವವರದ್ದು ಅಧಿಕಾರಪತ್ರ ಬೇಕು. ಮೂವತ್ತು ವರ್ಷದ ಋಣಭಾರ ಪತ್ರ ತೆಗೆಸಿ. ಹಿಂದಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ (ಬಿಬಿಎಂಪಿ) ಜಾಗದಲ್ಲಿ 2025ರ ಸೆಪ್ಟೆಂಬರಿನಿಂದ ಐದು ಪಾಲಿಕೆಗಳು ಬಂದಿವೆ. ನಿಮ್ಮ ಮನೆ ಯಾವುದರ ಕೆಳಗೆ ಬರುತ್ತದೆ ಎಂದು ನೋಡಿ, ಇ-ಖಾತೆ, ಅಂದರೆ ಪಾಲಿಕೆಯ ಗಣಕದಲ್ಲಿರುವ ಆಸ್ತಿ ದಾಖಲೆ, ಯಾರ ಹೆಸರಿನಲ್ಲಿದೆ ಪರೀಕ್ಷಿಸಿ. 2024ರಿಂದ ಇ-ಖಾತೆ ಇಲ್ಲದೆ ನೋಂದಣಿ ಆಗದು. ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಲ್ಲಿ ಶೇ 1ರಿಂದ ಶೇ 2ಕ್ಕೆ ಏರಿತು. ಮುದ್ರಾಂಕ, ಮೇಲ್ತೆರಿಗೆ ಸೇರಿ ಒಟ್ಟು ಶೇ 7.6 ಆಗುತ್ತದೆ. ಎರಡು ಕೋಟಿಯ ಮನೆಗೆ 15 ಲಕ್ಷ 20 ಸಾವಿರ ಬರೀ ಸರ್ಕಾರಕ್ಕೇ. ಹಳೇ ಮನೆಯಾದರೆ ಸೂರು, ವೈರಿಂಗು, ಕೊಳಾಯಿಗೆ ಇನ್ನಷ್ಟು ತೆಗೆದಿಡಿ.

ನನ್ನನ್ನು ಕೇಳಿದರೆ ಹೀಗೆ ಹೇಳುತ್ತೇನೆ. ಕೈ ಬಿಗಿ ಇದೆ, ಮನೆಯಲ್ಲಿ ಕಾಯಿಲೆಯವರಿದ್ದಾರೆ: ಚಾಮರಾಜಪೇಟೆಯ ಒಳಕ್ರಾಸು, ಕೆಳಗಿನ ಮನೆ. ಶಾಲೆಗೆ ಹೋಗುವ ಮಕ್ಕಳಿದ್ದಾರೆ: ಮಲ್ಲೇಶ್ವರದ ಹದಿಮೂರನೇ ಕ್ರಾಸಿನ ಮೇಲೆ, 1980ರ ಆರ್‌ಸಿಸಿ ಮನೆ. ನಿವೃತ್ತ ಅಪ್ಪ ಅಮ್ಮ ಮನೆಯಲ್ಲಿ, ನೀವಿಬ್ಬರೂ ಎಲೆಕ್ಟ್ರಾನಿಕ್ ಸಿಟಿಗೆ: ಬಸವನಗುಡಿ, ದುಡ್ಡು ಸಾಲದಿದ್ದರೆ ಒಂದು ಕೋಣೆ ಕಡಿಮೆ ಇದ್ದರೂ ಸರಿ. ಮನೆಯಲ್ಲಿ ಹಗಲು ಯಾರೂ ಇಲ್ಲದ ಜೋಡಿಗೆ ಅವಸರವೇ ಬೇಡ. ಚಾಮರಾಜಪೇಟೆಯಲ್ಲೋ ಮಲ್ಲೇಶ್ವರದ ಕೆಳಕ್ರಾಸುಗಳಲ್ಲೋ ಹನ್ನೊಂದು ತಿಂಗಳ ಕರಾರಿಗೆ ಇದ್ದು ನೋಡಲಿ. ಹಳೇ ಒಂಟಿ ಮನೆ ಕೊಳ್ಳಲೇಬೇಕು ಎನ್ನುವವರು ಮೊದಲು ಅದೇ ಬೀದಿಯಲ್ಲಿ ಒಂದು ಮಳೆಗಾಲ ಬಾಡಿಗೆಗಿರಲಿ.

ಮನೆ ಹಿಡಿಸಿದ ಮೇಲೆ ಮುಂಗಡ ಕೊಡುವ ಮುಂಚೆ ಇನ್ನೊಂದು ದಿನ ಅಲ್ಲಿಗೆ ಹೋಗಿ. ಹಗಲು ಅಲ್ಲಿ ಇರಬೇಕಾದ ಅಮ್ಮನನ್ನೋ ಮಾವನವರನ್ನೋ ಕರೆದುಕೊಂಡು ಹೋಗಿ, ಬೆಳಿಗ್ಗೆ ಹತ್ತಕ್ಕೆ ಕೈಗೊಂದು ಚೀಲ ಕೊಟ್ಟು ಗೇಟಿನಿಂದ ಕಳಿಸಿ. ನೀವು ಜೊತೆಗೆ ಹೋಗಬೇಡಿ, ಜಗಲಿಯಲ್ಲೇ ಕೂತಿರಿ. ಅವರು ತಿರುಗಿ ಬಂದಾಗ ಚೀಲದಲ್ಲಿ ಏನಿದೆ ನೋಡಿ, ಎಲ್ಲಿ ಕೂತು ಸುಧಾರಿಸಿಕೊಂಡರು, ರಸ್ತೆ ದಾಟಲು ಯಾವ ಕಡೆ ಹೆದರಿಕೆಯಾಯಿತು, ಯಾರಾದರೂ ಮಾತಾಡಿಸಿದರೇ ಎಂದು ಕೇಳಿ. ಮನೆಯೊಳಗೆ ಹೋಗಿ ಸಂಪಿನ ಮುಚ್ಚಳ ಎತ್ತಿ ನೋಡುವುದು ಆಮೇಲೆ.